ಹುಲ್ಲುಗಾವಲಿನ ಬಿಳಿ ಅಣಬೆ ಯಾವ ಜಾತಿಯದು?

ಪ್ರಶ್ನೆ: ಮಳೆ ನಿಂತ ನಾಲ್ಕನೆಯ ದಿನ ಹುಲ್ಲುಗಾವಲಿನಲ್ಲಿ ಅಂಗೈಗಿಂತ ಅಗಲವಾದ ಬಿಳಿ ಅಣಬೆಗಳು ಬಳೆಯಾಕಾರದಲ್ಲಿ ಎದ್ದಿವೆ. ಕೊಡೆಯ ಮೇಲೆ ಕಂದು ಚಕ್ಕೆಗಳೂ ದಂಟಿನ ಸುತ್ತ ಒಂದು ಉಂಗುರವೂ ಇವೆ. ಕೊಡೆಯ ಅಡಿಯ ಪದರಗಳು ಬೆಳ್ಳಗಿವೆ. ಇವನ್ನು ತಿನ್ನಬಹುದೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಿಮ್ಮ ವಿವರಣೆ ಓದಿದೊಡನೆ ನನಗೆ ನೆನಪಾದದ್ದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆ, ಆದ್ದರಿಂದ ದಯವಿಟ್ಟು ರುಚಿ ನೋಡಲು ಹೋಗಬೇಡಿ. ಕೆಲವು ವರ್ಷಗಳ ಹಿಂದೆ ನಾನೂ ಇಂಥವನ್ನೇ ತಿನ್ನುವ ಜಾತಿಯೆಂದು ನಂಬಿ ಮನೆಗೆ ತಂದಿದ್ದೆ. ಅಡುಗೆಗೆ ಮುನ್ನ ಬೀಜಕದ, ಅಂದರೆ ಪದರಗಳಿಂದ ಉದುರುವ ಬೀಜದಂಥ ಪುಡಿಯ, ಬಣ್ಣ ನೋಡಿಬಿಡೋಣವೆಂದು ಒಂದರ ದಂಟನ್ನು ಕತ್ತರಿಸಿ, ಪದರಗಳು ಕೆಳಗೆ ಬರುವಂತೆ ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಟ್ಟಲು ಎತ್ತಿದಾಗ ಕಾಗದದ ಮೇಲೆ ಮಾಸಲು ಹಸಿರು ಪುಡಿ ಉದುರಿತ್ತು. ಹುಲ್ಲಿನಲ್ಲಿ ಬೆಳೆಯುವ ದೊಡ್ಡ ಅಣಬೆಗಳಲ್ಲಿ ಹಸಿರು ಬೀಜಕವೆಂಬುದು ಈ ಜಾತಿಯ ಬಹುಮುಖ್ಯ ಗುರುತು. ಎಳೆಯದಾಗಿರುವಾಗ ಇದರ ಪದರಗಳು ಬೆಳ್ಳಗೇ ಇದ್ದು, ಬಲಿತ ಮೇಲಷ್ಟೇ ಹಸಿರು ಛಾಯೆ ಪಡೆಯುವುದರಿಂದ ಕೇವಲ ಕಣ್ಣನ್ನು ನಂಬಿದವರು ಮೋಸಹೋಗುತ್ತಾರೆ. ತಿಂದರೆ ಸಾಮಾನ್ಯವಾಗಿ 1ರಿಂದ 3 ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಆರಂಭವಾಗುತ್ತವೆ.

ಎರಡನೆಯ ಉತ್ತರ: ಅಣಬೆಯನ್ನು ಮುರಿದು ತರಬೇಡಿ, ಬುಡದ ಮಣ್ಣು ಸಮೇತ ಅಗೆದು ತನ್ನಿ. ದಂಟಿನ ಬುಡದಲ್ಲಿ ಚೀಲದಂಥ ಹೊದಿಕೆಯಿದ್ದು ಬೀಜಕ ಬೆಳ್ಳಗಿದ್ದರೆ ಅದು ಅಮಾನಿಟಾ ಕುಲದ್ದಾಗಿರಬಹುದು. ಆ ಕುಲದ ಮಾರಕ ಜಾತಿಗಳನ್ನು ತಿಂದವರಿಗೆ ಆರು ಗಂಟೆಗಳಿಗೂ ಹೆಚ್ಚು ಕಾಲ ಏನೂ ತೋರದೆ, ಅನಂತರ ಯಕೃತ್ತು ಹಾಳಾಗುತ್ತದೆ. ತಿನ್ನುವ ಹುಲ್ಲುಗಾವಲ ಅಣಬೆಯಾದ ಅಗಾರಿಕಸ್ ಕ್ಯಾಂಪೆಸ್ಟ್ರಿಸ್‌ನ ಪದರಗಳು ಮೊದಲು ಗುಲಾಬಿಯಾಗಿದ್ದು ಆಮೇಲೆ ಗಾಢ ಕಂದಾಗುತ್ತವೆ. ಅದನ್ನೇ ಹೋಲುವ ಇನ್ನೊಂದು ವಿಷಜಾತಿಯ ಬುಡವನ್ನು ಸೀಳಿದರೆ ಕಡು ಹಳದಿ ಬಣ್ಣ ಕಾಣುತ್ತದೆ, ಶಾಯಿಯಂಥ ವಾಸನೆ ಬರುತ್ತದೆ. ಬಳೆಯಾಕಾರದಿಂದ ಯಾವುದೂ ತೀರ್ಮಾನವಾಗದು, ಏಕೆಂದರೆ ನೆಲದೊಳಗಿನ ಶಿಲೀಂಧ್ರದ ಎಳೆಗಳು ಸುತ್ತಲೂ ಹರಡುತ್ತ ಹೋಗುವುದರಿಂದ ತಿನ್ನುವ ಜಾತಿಗಳೂ ವಿಷಜಾತಿಗಳೂ ಹೀಗೆಯೇ ಏಳುತ್ತವೆ. ಹುಳು ಕಚ್ಚಿದ್ದರೆ ತಿನ್ನಬಹುದೆಂಬ ನಂಬಿಕೆಗೂ ಆಧಾರವಿಲ್ಲ.

ಕೇಳಿದವರು: ನೀವು ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಬಿಳಿ ಕಾಗದದ ಮೇಲೆ ಹಸಿರು ಪುಡಿ ಬಿದ್ದಿದೆ. ತಂದ ಅಣಬೆಗಳನ್ನೆಲ್ಲ ಹೂತುಹಾಕಿದ್ದೇನೆ.