ಬೆಕ್ಕಿನ ಕಣ್ಣಿಗೆ ಕೆಂಪು: ಮಸುಕೋ, ಮಂಕೋ, ಮಾಸಲೋ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ನಮ್ಮ ಮನೆಯಲ್ಲಿ ಅಕ್ಕನ ಮಗಳು ಶಾಲೆಯ ಗೋಡೆಪತ್ರಿಕೆಗೆ ಬೆಕ್ಕಿನ ಕಣ್ಣಿನ ಬಗ್ಗೆ ಬರೆಯುತ್ತಿದ್ದಾಳೆ. 'ಬೆಕ್ಕಿಗೆ ಬಣ್ಣಗುರುಡು' ಅಂತ ಶುರು ಮಾಡಿದ್ದಳು. ನಾನು ಹೊಡೆದು ಹಾಕಿಸಿದೆ. ಅದರ ಜಾಗಕ್ಕೆ ಯಾವ ಪದ ಅಂತ ಎರಡು ದಿನದಿಂದ ಹುಡುಕುತ್ತಿದ್ದೇವೆ.

ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು 3 ಬಗೆ. ಬೆಕ್ಕಿಗೆ ಮುಖ್ಯವಾಗಿ 2 ಬಗೆ. ನೀಲಿ ಬೇರೆ, ಹಳದಿ ಬೇರೆ ಅಂತ ಅದಕ್ಕೆ ಗೊತ್ತಾಗುತ್ತದೆ. ಕೆಂಪು, ಹಸಿರಿನ ನಡುವೆ ಮಾತ್ರ ಗೊಂದಲ. ಹಿತ್ತಲ ಹುಲ್ಲಿನ ಮೇಲೆ ಕೆಂಪು ಚೆಂಡು ಉರುಳಿದರೆ ಅಲುಗಾಟ ಕಂಡು ನೆಗೆಯುತ್ತದೆ. ಚೆಂಡು ನಿಂತುಬಿಟ್ಟರೆ ಬಣ್ಣದಿಂದ ಅದಕ್ಕೆ ಅಷ್ಟು ನೆರವಿಲ್ಲ. ಮನುಷ್ಯರಲ್ಲಿ ಇಂಥವರಿಗೂ ಬಣ್ಣಗುರುಡು ಅಂತಲೇ ಹೇಳುತ್ತೇವೆ, ಒಪ್ಪಿದೆ. ಆದರೆ ಆ ಪದ ಓದಿದ ಮಗು, ಬೆಕ್ಕಿಗೆ ಲೋಕವೆಲ್ಲ ಕಪ್ಪು ಬಿಳುಪು ಅಂದುಕೊಳ್ಳುತ್ತೆ ಅಲ್ವಾ?

'ಇಬ್ಬಣ್ಣದ ಕಣ್ಣು' ಅಂತ ನಾನು ಸೂಚಿಸಿದೆ. ಅದೂ ಸರಿಹೋಗಲಿಲ್ಲ. ಕೆಲವು ಬಿಳಿ ಬೆಕ್ಕುಗಳಿಗೆ ಒಂದು ಕಣ್ಣು ನೀಲಿ, ಇನ್ನೊಂದು ಹಳದಿ ಇರುತ್ತದೆ. ಓದುವವರು ಅದನ್ನೇ ನೆನೆಯುತ್ತಾರೆ. ಹಾಗಾಗಿ ಈಗ 'ಇಬ್ಬಣ್ಣದ ನೋಟ' ಅಂತ ಬರೆದಿದ್ದೇವೆ.

ಇನ್ನೊಂದು ತೊಡಕು ಜಾಸ್ತಿ ಕಾಡಿದ್ದು. ಬೆಕ್ಕಿಗೆ ಕೆಂಪು ಹೇಗೆ ಕಾಣುತ್ತದೆ ಅಂತ ಬರೆಯುವುದು? ಮಸುಕು ಅಂದರೆ ಅಂಚು ಸರಿಯಾಗಿ ಕಾಣದಿರುವುದು. ದೂರದ ವಸ್ತು ಬೆಕ್ಕಿಗೆ ನಿಜಕ್ಕೂ ಮಸುಕೇ, ಆದರೆ ಅದು ಬೇರೆ ಮಾತು. ಮಂಕು ಅಂದರೆ ಬೆಳಕು ಸಾಲದಿರುವುದು. ಮಾಸಲು ಬಣ್ಣಕ್ಕೇ ಸೇರಿದ ಪದ ಅಂತ ನನ್ನ ಒಲವು ಆ ಕಡೆಗಿತ್ತು. ಅಮ್ಮ ಕೇಳಿದರು, "ಕೆಂಪು ಸೀರೆ ಒಗೆದು ಒಗೆದು ಮಾಸಿದರೂ ಅದು ಕೆಂಪೇ ತಾನೇ? ನಿನ್ನ ಬೆಕ್ಕಿಗೆ ಕೆಂಪೇ ಇಲ್ಲವಲ್ಲ?" ಮಾತು ಸರಿ. ಅಲ್ಲಿ ಕೆಂಪಿನ ಕಳೆಯೇ ಹೋಗಿ ಬೂದು ಹಳದಿಯ ಕಡೆಗೆ ವಾಲುತ್ತದೆ. ನೀಲಿಯನ್ನು ಬೇಕಾದರೆ ಮಾಸಲು ಅನ್ನಬಹುದು. ಬೆಕ್ಕಿಗೆ ಅದು ಉಳಿದಿದೆ, ನಮಗೆ ಕಾಣುವಷ್ಟು ಗಾಢವಾಗಿಲ್ಲ ಅಷ್ಟೆ.

ಹುಡುಗಿ ಕೊನೆಯಲ್ಲಿ 'ಬೆಕ್ಕಿಗೆ ಇರುಳುಗಣ್ಣು' ಅಂತ ಮೆಚ್ಚಿ ಬರೆದಿದ್ದಳು. ಇರುಳುಗಣ್ಣು ಅಂದರೆ ರಾತ್ರಿ ಕಾಣದಿರುವುದು! ಬೆಕ್ಕಿನದು ಅದಕ್ಕೆ ಪೂರ್ತಿ ಉಲ್ಟಾ. ಮಂದ ಬೆಳಕಿಗೆ ಸ್ಪಂದಿಸುವ ದಂಡ ಕೋಶಗಳು ಅದಕ್ಕೆ ತುಂಬಾ ಇವೆ. ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವೂ ಇದೆ, ಟಾರ್ಚ್ ಬಿಟ್ಟಾಗ ಹೊಳೆಯುವುದು ಅದೇ. ನಮ್ಮ ಕಡೆ ಬೆಳಗಿನ ಜಾವದ ಅರೆಗತ್ತಲಿಗೆ 'ಮೊಬ್ಬು' ಅನ್ನುತ್ತಾರೆ. ಅದಕ್ಕೇ 'ಮೊಬ್ಬಿನಲ್ಲೂ ಕಾಣುವ ಕಣ್ಣು' ಅಂತ ತಿದ್ದಿದೆವು.

ಈಗ ನನ್ನ ಪ್ರಶ್ನೆ. ಒಂದು ಬಣ್ಣ ತನ್ನ ಗುರುತನ್ನೇ ಕಳೆದುಕೊಂಡು ಬೇರೆಯದರ ಹಾಗೆ ಕಾಣುವುದಕ್ಕೆ ನಿಮ್ಮೂರಲ್ಲಿ ಆಡುಮಾತಿನ ಪದ ಇದೆಯಾ? ನೇಯುವವರು, ಬಣ್ಣ ಹಾಕುವವರು ಬಳಸುವ ಪದವಾದರೂ ಆದೀತು. 'ಇಬ್ಬಣ್ಣದ ನೋಟ' ಕಿವಿಗೆ ಹೇಗಿದೆ ಅಂತಲೂ ತಿಳಿಸಿ.