ಚರ್ಚ್ ಪುಸ್ತಕದ ಮೊದಲ ಪುಟ: ನಮ್ಮ ಮನೆ ಗುಂಪಿನ ಜಗಳ

ತಮ್ಮ (ಪುಣೆ): [ಪಿಡಿಎಫ್: ನಮ್ಮ ಸಭೆಯ ಇತಿಹಾಸ ಫೈನಲ್ 3] ಎಲ್ಲರೂ ಓದಿ. ಭಾನುವಾರದೊಳಗೆ ಪ್ರೆಸ್ಸಿಗೆ ಕೊಡಬೇಕು. ತಪ್ಪಿದ್ದರೆ ಈಗಲೇ ಹೇಳಿ.

ಕಾಕಾ (ಹುಮನಾಬಾದ್): ಭಾರೀ ಮಾಡಿದ್ದೀ ತಮ್ಮಾ 🙏 ಮೊದಲ ಪುಟದಲ್ಲಿ ಮಿಷನರಿ ಸಾಹೇಬರ ಫೋಟೋ ಚೆನ್ನಾಗಿ ಬಂದಿದೆ.

ಅತ್ತಿ (ಬೀದರ್): ನಾನು ಎರಡನೇ ಸಾಲಿಗೇ ನಿಂತೆ. ಬ್ರಿಟಿಷ್ ವೆಸ್ಲಿಯನ್ ಮಿಷನ್ನಿನವರು, ಅಂದರೆ ಇಂಗ್ಲೆಂಡಿನ ಮೆಥೋಡಿಸ್ಟರು, ಸಭೆ ಕಟ್ಟಿದರಂತೆ, 1947ರಲ್ಲಿ ನಾವು ಸಿಎಸ್‌ಐಗೆ (ದಕ್ಷಿಣ ಭಾರತ ಸಭೆಗೆ) ಸೇರಿದೆವಂತೆ. ಯಾವಾಗ ಸೇರಿದೆವೋ? ಚರ್ಚ್ ಬೋರ್ಡ್ ಓದಿಲ್ವಾ ನೀನು?

ತಮ್ಮ (ಪುಣೆ): ಕರ್ನಾಟಕದ ಮೆಥೋಡಿಸ್ಟ್ ಮಿಷನ್ ಅಂತ ಹುಡುಕಿದೆ ಅತ್ತಿ, ಸಿಕ್ಕಿದ್ದು ಹಾಕಿದೆ. ಬ್ರಿಟಿಷರಾದರೇನು, ಅಮೆರಿಕದವರಾದರೇನು, ಇಬ್ಬರೂ ಬಿಳಿಯರೇ ಅಲ್ವಾ?

ಅತ್ತಿ (ಬೀದರ್): ನಿನಗೆ ಸಿಕ್ಕಿದ್ದು ಮೈಸೂರು, ಬೆಂಗಳೂರು ಕಡೆಯ ಕಥೆ. ಅಲ್ಲಿ ಇಂಗ್ಲೆಂಡಿನ ವೆಸ್ಲಿಯನ್ನರು ಇದ್ದರು, ಅವರ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ಸಿಎಸ್‌ಐ ಆದವು. ಪಕ್ಕದ ಮೆದಕ್ ಕೂಡ ನಮ್ಮ ಹಾಗೆ ನಿಜಾಮರ ಸೀಮೆಯೇ, ಆದರೂ ಅದು ವೆಸ್ಲಿಯನ್ನರದ್ದು, ಅದೂ ಸಿಎಸ್‌ಐಗೆ ಹೋಯಿತು. ನಮ್ಮವರು ಅಮೆರಿಕದ ಮೆಥೋಡಿಸ್ಟರು. 1856ರಲ್ಲಿ ವಿಲಿಯಂ ಬಟ್ಲರ್ ಅನ್ನುವ ಮಿಷನರಿ ಬಂದು ಬರೇಲಿಯಲ್ಲಿ ಶುರು ಮಾಡಿದ ಮಿಷನ್ ಅದು. ಆಮೇಲೆ 1870ರ ದಶಕದಲ್ಲಿ ವಿಲಿಯಂ ಟೇಲರ್ ಬೊಂಬಾಯಿ, ಬೆಂಗಳೂರು, ಮದ್ರಾಸುಗಳಲ್ಲಿ ಸಭೆ ಕಟ್ಟಿದರು. 1970ರಲ್ಲಿ ಉತ್ತರದ ಹಲವು ಸಭೆಗಳು ಕೂಡಿ ಸಿಎನ್‌ಐ (ಉತ್ತರ ಭಾರತ ಸಭೆ) ಆದಾಗಲೂ ನಮ್ಮವರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. 1981ರ ಜನವರಿಯಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಅಂತ ಸ್ವಂತ ಕಾಲ ಮೇಲೆ ನಿಂತೆವು. ಚರ್ಚ್ ಜಾಗದ ಕಾಗದ ನಮ್ಮ ಟ್ರಂಕಿನಲ್ಲಿದೆ, ಉರ್ದುವಿನಲ್ಲಿದೆ. ನಿಜಾಮರ ಸರ್ಕಾರದ ಭಾಷೆ ಉರ್ದುವೇ ಅಲ್ವಾ.

ತಮ್ಮ (ಪುಣೆ): ಸರಿ ಅತ್ತಿ, ತಿದ್ದುತ್ತೇನೆ. ಫೋಟೋ ಮಾತ್ರ ಇರಲಿ.

ಅಕ್ಕ (ಕಲಬುರಗಿ): ಫೋಟೋದಲ್ಲೇ ನನಗೆ ಜಾಸ್ತಿ ಸಿಟ್ಟು. ಹನ್ನೆರಡು ಪುಟದಲ್ಲಿ ಒಂಬತ್ತು ಸಾಹೇಬರು, ಮಿಸ್ಸಮ್ಮಂದಿರು. ಮುತ್ಯಾ ಎಲ್ಲಿ? ಕಂದೀಲು ಹಿಡಿದು ರಾತ್ರಿ ಶಾಲೆ ನಡೆಸಿದ ಮಾಸ್ತರ್ ಎಲ್ಲಿ? ಸಾಹೇಬರು ಬರುತ್ತಿದ್ದುದು ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಅಂತ ಆಯಿ ಹೇಳುತ್ತಿದ್ದಳು. ಉಳಿದ ದಿನ ಸಭೆ ನಡೆಸಿದವರು ಯಾರು? ಚರ್ಚಿನ ಆ ಕೆಂಪು ಕಲ್ಲು ತಲೆ ಮೇಲೆ ಹೊತ್ತವರು ನಮ್ಮ ಹೆಂಗಸರು, ಗಚ್ಚು ಅರೆದವರೂ ಅವರೇ. ರೊಟ್ಟಿಗೆ ಹಿಟ್ಟು ತೆಗೆಯುವ ಮುಂಚೆ ಒಂದು ಹಿಡಿ ಜೋಳ ಗಡಿಗೆಗೆ ಹಾಕಿ, ಭಾನುವಾರ ತಂದು ಮಾಸ್ತರ್ ಮುಂದೆ ಸುರಿಯುತ್ತಿದ್ದರು. ಅದೇ ಅವರ ಪಗಾರ.

ಕಾಕಾ (ಹುಮನಾಬಾದ್): ಸಾಹೇಬರು ಬರದಿದ್ದರೆ ಬೋರ್ಡಿಂಗ್ ಎಲ್ಲಿ, ಆಸ್ಪತ್ರೆ ಎಲ್ಲಿ? ನೀನು ಹುಟ್ಟಿದ್ದು ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯಲ್ಲಿ, ನೆನಪಿರಲಿ.

ಅಕ್ಕ (ಕಲಬುರಗಿ): ನೆನಪಿದೆ ಕಾಕಾ. ಅವರನ್ನು ತೆಗೆಯಿರಿ ಅಂದೆನಾ? ಹಿಂದಿನ ಪುಟಕ್ಕೆ ಹಾಕಿ ಅಂದೆ.

ಕಾಕಾ (ಹುಮನಾಬಾದ್): ಹಾಗಾದರೆ ಮೊದಲ ಕುಟುಂಬಗಳ ಪಟ್ಟಿಯನ್ನೂ ಹಾಕು ಅನ್ನುತ್ತೀ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ಜಾತಿ ಬರೆದಿದೆ. ಪುಸ್ತಕ ಊರೆಲ್ಲ ಓಡಾಡುತ್ತದೆ, ನಾಳೆ ಮಕ್ಕಳ ಜಾತಿ ಸರ್ಟಿಫಿಕೇಟಿಗೆ ಯಾರಾದರೂ ತಕರಾರು ತೆಗೆದರೆ? 1950ರ ರಾಷ್ಟ್ರಪತಿ ಆದೇಶ ಗೊತ್ತಲ್ಲ, ಕ್ರೈಸ್ತ ಅಂದರೆ ಎಸ್‌ಸಿ ಪಟ್ಟಿಯಿಂದ ಹೊರಗೆ. ಸಿಖ್ಖರಿಗೂ ಬೌದ್ಧರಿಗೂ ಆಮೇಲೆ ಬಾಗಿಲು ತೆರೆಯಿತು, ನಮಗಿಲ್ಲ.

(ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ನೀಲಿ ಟಿಕ್ ಮಾತ್ರ ಬರುತ್ತಿತ್ತು.)

ಅತ್ತಿ (ಬೀದರ್): ಅಣ್ಣಾ, ನಿನ್ನ ಮಾತು ಸುಳ್ಳಲ್ಲ. ಜಾತಿ ಕಾಲಂ ಬೇಡ, ಹೆಸರು ಸಾಕು. ಆದರೆ ಹೆಸರು ಬೇಕೇ ಬೇಕು. ದೀಕ್ಷಾಸ್ನಾನದ ಸಾಲಿನಲ್ಲಿ ಮುತ್ಯಾನ ಹಳೆ ಹೆಸರಿದೆ, ಪಕ್ಕದಲ್ಲಿ ಹೊಸದು. ಊರು ಅನ್ನುವ ಜಾಗದಲ್ಲಿ ಊರಿನ ಹೆಸರಿನ ಮುಂದೆ 'ಕೇರಿ' ಅಂತ ಬರೆದಿದ್ದಾರೆ. ಅದನ್ನೂ ಬಿಡಬೇಡ ತಮ್ಮಾ. ಅದು ಜಾತಿಯಲ್ಲ, ನಮ್ಮ ವಿಳಾಸ.

ಕಾಕಾ (ಹುಮನಾಬಾದ್): ವಿಳಾಸ ಓದಿದರೆ ಜಾತಿ ಗೊತ್ತಾಗಲ್ವಾ?

ಅತ್ತಿ (ಬೀದರ್): ಊರಿಗೆ ಮೊದಲೇ ಗೊತ್ತಿದೆ ಅಣ್ಣಾ.

ತಮ್ಮ (ಪುಣೆ): ಅತ್ತಿ, ಆ ಪುಟದ ಫೋಟೋ ತೆಗೆದು ಕಳಿಸಿ. ಸಾಹೇಬರ ಜಾಗದಲ್ಲಿ ಅದನ್ನೇ ಹಾಕುತ್ತೇನೆ.

ಅತ್ತಿ (ಬೀದರ್): ಕಳಿಸಲ್ಲ. ತೆರೆದರೆ ಅಂಚು ಪುಡಿಯಾಗಿ ತೊಡೆ ಮೇಲೆ ಬೀಳುತ್ತದೆ. ಶನಿವಾರ ನೀನೇ ಬಾ, ಹಗಲು ಬೆಳಕಿನಲ್ಲಿ ನೀನೇ ತೆಗೆ. ಉರ್ದು ಓದುವ ಒಬ್ಬರನ್ನೂ ಕರೆದುಕೊಂಡು ಬಾ.

ಕಾಕಾ (ಹುಮನಾಬಾದ್): ನಾನೂ ಬರುತ್ತೇನೆ. ಪ್ರೆಸ್ಸಿನವನಿಗೆ ಒಂದು ವಾರ ತಡ ಅಂತ ಹೇಳು.