ಫೀನಿಕ್ಸ್‌ನ ಬೆನ್ ಏವರಿ ಶೂಟಿಂಗ್ ರೇಂಜ್‌ಗೆ ಮೊದಲ ಸಲ ಹೋಗುವವರಿಗೆ ನಿಮ್ಮ ಸಲಹೆಗಳೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅರಿಜೋನಾದ ಚಾಂಡ್ಲರ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ಸಹೋದ್ಯೋಗಿಯೊಬ್ಬರು ಬರುವ ಶನಿವಾರ ತಮ್ಮ .22 ರೈಫಲ್ ಮತ್ತು 9 ಎಂಎಂ ಪಿಸ್ತೂಲು ತೆಗೆದುಕೊಂಡು ಬೆನ್ ಏವರಿ ಬಯಲು ರೇಂಜ್‌ಗೆ ಹೋಗೋಣವೆಂದು ಕರೆದಿದ್ದಾರೆ. ಊರಿನಿಂದ ಬಂದಿರುವ ನಮ್ಮ ಮಾವನವರು ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಗುರಿ ಹೊಡೆದವರಾದ್ದರಿಂದ ಅವರಿಗೂ ಬಹಳ ಉತ್ಸಾಹವಿದೆ. ಹೋಗಿಬಂದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಫೀನಿಕ್ಸ್‌ನಲ್ಲಿ ಹಲವು ವರ್ಷಗಳಿಂದ ನೆಲೆಸಿರುವವರ ಉತ್ತರ

ಏನು ಉಡಬೇಕು, ಏನು ಒಯ್ಯಬೇಕು ಎಂಬುದನ್ನು ಆಮೇಲೆ ನೋಡೋಣ. ಮೊದಲು ತಮ್ಮ ವೀಸಾದ ಮಾತು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ವಲಸೆಯೇತರ ವೀಸಾದ ಮೇಲೆ ಬಂದವರು, ಅಂದರೆ ಎಚ್-1ಬಿ, ಅವರ ಕುಟುಂಬದ ಎಚ್-4, ವಿದ್ಯಾರ್ಥಿಗಳ ಎಫ್-1, ಪ್ರವಾಸಿಗಳ ಬಿ-2 ಎಲ್ಲರೂ, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. 'ಹೊಂದುವುದು' ಎಂದರೆ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಎಂದು ನಮ್ಮವರಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಗೆಳೆಯರ ಬಂದೂಕನ್ನು ರೇಂಜ್‌ನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ಹೊಂದಿದಂತೆಯೇ ಆಗಬಹುದು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋದ ರೆಹೈಫ್ ಪ್ರಕರಣ ಹುಟ್ಟಿದ್ದೇ ಹೀಗೆ. ವಿದ್ಯಾರ್ಥಿ ವೀಸಾದ ಮೇಲೆ ಫ್ಲಾರಿಡಾಕ್ಕೆ ಬಂದಿದ್ದ ಯುಎಇ ದೇಶದ ಯುವಕನೊಬ್ಬ, ವಿಶ್ವವಿದ್ಯಾಲಯ ಅವನನ್ನು ಹೊರಹಾಕಿದ ಮೇಲೆ ಶೂಟಿಂಗ್ ರೇಂಜ್ ಒಂದರಲ್ಲಿ ಎರಡು ಬಂದೂಕು ಹಾರಿಸಿದ. ಕೆಳಗಿನ ನ್ಯಾಯಾಲಯ 18 ತಿಂಗಳ ಸೆರೆ ವಿಧಿಸಿತು. ತಾನು ದೇಶದಲ್ಲಿ ಉಳಿದದ್ದು ಅಕ್ರಮವೆಂದು ಅವನಿಗೆ ಗೊತ್ತಿತ್ತು ಎಂಬುದನ್ನೂ ಸರ್ಕಾರ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತಾದರೂ, ಅಷ್ಟು ದೂರ ಅಲೆದು ಗೆಲ್ಲುವುದು ಯಾರಿಗೆ ಬೇಕಾಗಿದೆ? 2022ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಗರಿಷ್ಠ 15 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಶಿಕ್ಷೆಯಾದರೆ ಗಡೀಪಾರಿನ ಪ್ರಶ್ನೆಯೂ ಬೆನ್ನಿಗೇ ಬರುತ್ತದೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಅಮೆರಿಕದಲ್ಲಿ ಕ್ರಮಬದ್ಧವಾಗಿ ಪಡೆದ, ಅವಧಿ ಮುಗಿಯದ ಬೇಟೆ ಪರವಾನಗಿ, ಅಂದರೆ ಹಂಟಿಂಗ್ ಲೈಸೆನ್ಸ್, ಇರುವವರಿಗೆ ಅದೇ ಕಾನೂನು ವಿನಾಯಿತಿ ಕೊಟ್ಟಿದೆ. ನಾನು ಎಚ್-1ಬಿಯಲ್ಲಿದ್ದಾಗ ಇರುವೆಯನ್ನೂ ಕೊಲ್ಲುವ ಉದ್ದೇಶವಿಲ್ಲದೆ, ಅರಿಜೋನಾ ಗೇಮ್ ಅಂಡ್ ಫಿಶ್ ಇಲಾಖೆಯಿಂದ ಆನ್‌ಲೈನ್‌ನಲ್ಲಿ ಬೇಟೆ ಪರವಾನಗಿ ಮಾಡಿಸಿ, ಮುದ್ರಿಸಿ, ಪರ್ಸಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. (ಸಸ್ಯಾಹಾರಿ ಮನೆಯಲ್ಲಿ ಅದನ್ನು ನೋಡಿದ ನಮ್ಮ ತಾಯಿಗೆ ವಿವರಿಸಲು ಒಂದು ಸಂಜೆ ಬೇಕಾಯಿತು.) ಬೆನ್ ಏವರಿಯನ್ನು ನಡೆಸುವುದೂ ಅದೇ ಇಲಾಖೆ. ತಮ್ಮ ಮಾವನವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಪರವಾನಗಿ ಇಲ್ಲದಿದ್ದರೆ ಅವರು ಹಿಂದೆ ಕುಳಿತು ನೋಡಬಹುದು, ಮುಟ್ಟಬಾರದು. ಅಲ್ಲಿ ಯಾರೂ ವೀಸಾ ಕೇಳದಿರಬಹುದು. ಕೇಳಲಿಲ್ಲವೆಂದ ಮಾತ್ರಕ್ಕೆ ಬಂದೂಕು ಹಿಡಿಯಬಹುದು ಎಂದು ಅರ್ಥವಲ್ಲ. ಗೊತ್ತಿದ್ದೂ ಬಂದೂಕು ಕೈಗೆ ಕೊಟ್ಟ ಸಹೋದ್ಯೋಗಿಯೂ ಸಿಕ್ಕಿಬೀಳುತ್ತಾರೆ, ಆದ್ದರಿಂದ ಅವರಿಗೂ ಈ ವಿಷಯ ಮೊದಲೇ ಹೇಳಿಬಿಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ತಮ್ಮ ಕಾಗದಪತ್ರಗಳಲ್ಲಿ ಏನಾದರೂ ತೊಡಕಿದ್ದರೆ ನನ್ನ ಮಾತು ನಂಬುವ ಬದಲು ವಲಸೆ ವಕೀಲರನ್ನು ಕೇಳಿ.

ಮಡಿಕೇರಿ ಕಡೆಯವರ ಉತ್ತರ

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆದವನು ನಾನು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದು ನಿಜವಾದರೂ, ಆ ಹೆಮ್ಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇರೆ ರಾಜ್ಯದ ಬಯಲು ರೇಂಜ್ ಒಂದರಲ್ಲಿ ಮೊದಲ ದಿನವೇ ಬೈಸಿಕೊಂಡೆ.

ಬಯಲು ರೇಂಜ್‌ನ ಕ್ರಮ ಹೀಗಿರುತ್ತದೆ. ಎಲ್ಲರೂ ಒಂದೇ ಸಾಲಿನಲ್ಲಿ ಮೇಜುಗಳ ಮುಂದೆ ಕುಳಿತು ಗುಂಡು ಹಾರಿಸುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ರೇಂಜ್ ಅಧಿಕಾರಿ ಧ್ವನಿವರ್ಧಕದಲ್ಲಿ 'ಸೀಸ್ ಫೈರ್', ಅಂದರೆ ಗುಂಡು ನಿಲ್ಲಿಸಿ, ಎಂದು ಕೂಗುತ್ತಾರೆ. ಆಗ ತೋಟಾ ತೆಗೆದು, ಕೋವಿಯನ್ನು ತೆರೆದಿಟ್ಟು, ಒಳಗೆ ಏನೂ ಇಲ್ಲವೆಂದು ತೋರಿಸುವ ಪ್ಲಾಸ್ಟಿಕ್ ಬಾವುಟ ಸಿಕ್ಕಿಸಿ, ನೆಲದ ಮೇಲಿನ ಗೆರೆಯ ಹಿಂದಕ್ಕೆ ಸರಿಯಬೇಕು. ಆ ಬಿಡುವಿನಲ್ಲಿ ಜನ ಮುಂದೆ ನಡೆದುಹೋಗಿ ಗುರಿಯ ಕಾಗದ ಬದಲಿಸುತ್ತಿರುತ್ತಾರೆ. ಅಷ್ಟು ಹೊತ್ತೂ ಯಾವ ಕಾರಣಕ್ಕೂ ಕೋವಿ ಮುಟ್ಟುವಂತಿಲ್ಲ. ನಾನು ಮಾಡಿದ ತಪ್ಪು ಚಿಕ್ಕದೆಂದೇ ನನಗನಿಸಿತ್ತು: ಖಾಲಿ ಕೋವಿಯ ದುರ್ಬೀನಿನಲ್ಲಿ ನನ್ನ ಗುರಿಗೆ ಎಷ್ಟು ತೂತು ಬಿದ್ದಿವೆ ಎಂದು ಬಗ್ಗಿ ನೋಡಿದೆ. ಆದರೆ ಎದುರಿಗೆ ಹೋಗಿದ್ದವರ ಕಣ್ಣಿಗೆ ಕಂಡದ್ದು ಕೋವಿಯ ಹಿಂದೆ ಬಾಗಿರುವ ಒಬ್ಬ ಮನುಷ್ಯ. ಅಧಿಕಾರಿ ಗದರಿಸಿದ್ದು ಸರಿಯಾಗಿಯೇ ಇತ್ತು.

ಹೊಸಬರು ಇನ್ನೊಂದು ತಪ್ಪು ಮಾಡುತ್ತಾರೆ. ಮೊದಲ ಗುಂಡು ಗುರಿಗೆ ತಾಗಿದ ಖುಷಿಗೆ, ಪಿಸ್ತೂಲು ಕೈಯಲ್ಲಿರುವಾಗಲೇ ಫೋಟೊ ತೆಗೆಯುವವರ ಕಡೆ ನಗುತ್ತಾ ತಿರುಗಿಬಿಡುತ್ತಾರೆ. ನಳಿಗೆಯೂ ಅವರ ಜೊತೆ ತಿರುಗುತ್ತದೆ. ಮೊದಲು ಕೆಳಗಿಡಿ, ಆಮೇಲೆ ತಿರುಗಿ. ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರದಿದ್ದರೆ ನಳಿಗೆಯೊಳಗೆ ಇಣುಕಬೇಡಿ. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ಸಹೋದ್ಯೋಗಿಗೆ ಹೇಳಿ. .22ರಿಂದ ಶುರುಮಾಡಿ, ಹಿಂದಕ್ಕೆ ಒದೆಯುವ ಪೆಟ್ಟು ಕಡಿಮೆ, ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಅಂಟುವುದಿಲ್ಲ. ಪಿಸ್ತೂಲಿನ ಸರದಿ ಬಂದಾಗ ಹೆಬ್ಬೆರಳನ್ನು ಹಿಂಬದಿಗೆ ಅಡ್ಡ ಇಡಬೇಡಿ, ಗುಂಡು ಹಾರಿದಾಗ ಹಿಂದಕ್ಕೆ ಬರುವ ಮೇಲ್ಭಾಗ, ಅಂದರೆ ಸ್ಲೈಡ್, ಚರ್ಮ ಹರಿಯುತ್ತದೆ.

ಟೆಂಪಿಯ ಗೃಹಿಣಿಯೊಬ್ಬರ ಉತ್ತರ

ನಾನು ಪತಿಯ ಜೊತೆ ಹೋಗುತ್ತಿರುತ್ತೇನೆ. ಕುತ್ತಿಗೆಗೆ ಹತ್ತಿರವಿರುವ ಅಂಗಿ ತೊಡಿ. ಹಾರಿಬೀಳುವ ಖಾಲಿ ತೋಟಾ ಬಿಸಿಯಾಗಿರುತ್ತದೆ, ಅಂಗಿಯೊಳಗೆ ಬಿದ್ದರೆ ಮನುಷ್ಯ ಕುಣಿಯುತ್ತಾನೆ, ಕೈಯಲ್ಲಿ ಪಿಸ್ತೂಲು ಇರುವಾಗ ಕುಣಿಯಬಾರದು. ಚಪ್ಪಲಿ ಬೇಡ, ಶೂ ಇರಲಿ. ಕಿವಿಗೆ ಫೋಮ್ ಬಿರಡೆ ಹಾಕಿ ಅದರ ಮೇಲೆ ಕಿವಿ ಮುಚ್ಚುವ ಮಫ್ ಕೂಡ ಹಾಕಿ. 9 ಎಂಎಂ ಪಿಸ್ತೂಲಿನ ಸದ್ದು ಸುಮಾರು 160 ಡೆಸಿಬೆಲ್, ಬರೀ ನೋಡಲು ಕುಳಿತ ಮಾವನವರಿಗೂ ಅದೇ ಸದ್ದು.

ಸಿಡಿಮದ್ದಿನ ಹೊಗೆಯಲ್ಲಿ ಸೀಸ ಇರುತ್ತದೆ. ಕೈ ತೊಳೆಯದೆ ಬ್ಯಾಗಿನಿಂದ ಚಕ್ಕುಲಿ ತೆಗೆಯಬೇಡಿ. ಬಿಸಿನೀರಿಗಿಂತ ತಣ್ಣೀರು ಮತ್ತು ಸೋಪು ಉತ್ತಮವೆನ್ನುತ್ತಾರೆ. ಮನೆಗೆ ಬಂದು ಶೂ ಹೊರಗೆ ಬಿಟ್ಟು, ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಗರ್ಭಿಣಿಯರು ಹೋಗದಿರುವುದೇ ಒಳ್ಳೆಯದು. ಬೇಸಿಗೆಯಾದರೆ ಬೆಳಿಗ್ಗೆ ಬೇಗ ಹೊರಡಿ. ಚಾಂಡ್ಲರ್‌ನಿಂದ ರೇಂಜ್ ಇರುವ ಕೇರ್‌ಫ್ರೀ ಹೈವೇವರೆಗೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು, ಮಧ್ಯಾಹ್ನದ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ.

ಮತ್ತೊಬ್ಬರು ಸೇರಿಸಿದ್ದು

ಮಾವನವರು ನೆನಪಿಗೆಂದು ತೋಟಾ ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ, ಖಾಲಿಯದೂ ಬೇಡ. ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ರೇಂಜ್‌ಗೆ ಒಯ್ದ ಬ್ಯಾಗನ್ನು ಊರಿಗೆ ಒಯ್ಯಬೇಡಿ. ಒಯ್ಯಲೇಬೇಕೆಂದರೆ ಎಲ್ಲ ಜೇಬುಗಳನ್ನೂ ಬೋರಲು ಹಾಕಿ ಕೊಡವಿ ನೋಡಿ.